ಮುಖ ಬಿಡಿ, ಕೈ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡವರು ಯಾರೂ ಕೈಕಟ್ಟಿ ಕೂತಿರುವುದಿಲ್ಲ, ಅದು ನನಗೆ ಗೊತ್ತು. ಒಬ್ಬರು ಬಟ್ಟೆ ಮಡಚುತ್ತಿರುತ್ತೀರಿ, ಒಬ್ಬರು ಕಾಳು ಆರಿಸುತ್ತಿರುತ್ತೀರಿ, ಇನ್ನೊಬ್ಬರು ಸೂಜಿಗೆ ದಾರ ಪೋಣಿಸುತ್ತಿರುತ್ತೀರಿ. ಒಂದು ಗಳಿಗೆ ಆ ಕೈಯನ್ನೇ ನೋಡಿಕೊಳ್ಳಿ. ಇವತ್ತಿನ ವಿಷಯ ಕಪೂಚಿನ್ ಕೋತಿ. ಕೋತಿ ಅಂದ ತಕ್ಷಣ ನಾವು ಮುಖ ನೋಡುತ್ತೇವೆ, ನಗುತ್ತೇವೆ, ‘ಅಯ್ಯೋ, ಥೇಟ್ ನಮ್ಮ ಹಾಗೇ!’ ಅನ್ನುತ್ತೇವೆ. ಮುಖ ಬಿಡಿ, ಕೈ ನೋಡಿ. ಇನ್ನು ಹತ್ತು ನಿಮಿಷ ನಾನು ಏನೇ ಹೇಳಿದರೂ ಇದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿರುತ್ತೇನೆ.

ಹೆಸರಿನ ಸಂಗತಿಯನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಎಲ್ಲಿ ಹೋದರೂ ಮೊದಲ ಪ್ರಶ್ನೆ ಅದೇ. ಕಪೂಚಿನ್ ಅನ್ನುವುದು ಇಟಲಿಯಲ್ಲಿ ಹುಟ್ಟಿದ ಒಂದು ಕ್ರೈಸ್ತ ಸನ್ಯಾಸಿ ಪಂಥ. ಕಂದು ನಿಲುವಂಗಿ, ಅದಕ್ಕೆ ತಲೆ ಮುಚ್ಚುವ ಕುಲಾವಿ. ಯೂರೋಪಿನವರು ಅಮೆರಿಕಾ ಖಂಡದ ಕಾಡಿನಲ್ಲಿ ಈ ಕೋತಿಯನ್ನು ಕಂಡಾಗ, ನೆತ್ತಿಯ ಮೇಲಿನ ಕಪ್ಪು ಕೂದಲು ಆ ಕುಲಾವಿಯ ಹಾಗೆ ಕಂಡಿತು. ಹೌದು, ಕಪುಚಿನೊ ಕಾಫಿಯ ಹೆಸರೂ ಅಲ್ಲಿಂದಲೇ ಬಂದದ್ದು. ಕಾಫಿಗೂ ಕೋತಿಗೂ ಬೇರೆ ನಂಟಿಲ್ಲ, ದಯವಿಟ್ಟು ಇನ್ನು ಆ ಪ್ರಶ್ನೆ ಬೇಡ. ಗಮನಿಸಿ, ಹೆಸರಿಟ್ಟವರೂ ನೋಡಿದ್ದು ತಲೆಯನ್ನೇ. ಕೈಯನ್ನು ನೋಡಿದ್ದರೆ ಕಲ್ಲುಕುಟಿಗ ಅಂತ ಹೆಸರಿಡುತ್ತಿದ್ದರು.

ಆ ಹೆಸರು ಯಾಕೆ ಅಂತ ಹೇಳುತ್ತೇನೆ. ಬ್ರೆಜಿಲ್ ದೇಶದ ಈಶಾನ್ಯಕ್ಕೆ ಪಿಯಾವಿ ಅನ್ನುವ ರಾಜ್ಯವಿದೆ. ಕುರುಚಲು ಕಾಡು, ಕೆಂಪು ಮರಳುಗಲ್ಲಿನ ಬೆಟ್ಟ, ವರ್ಷದ ಅರ್ಧ ಭಾಗ ಮಳೆಯೇ ಇಲ್ಲ. ಅಲ್ಲಿನ ಬೋವಾ ವಿಸ್ತಾ ಅನ್ನುವ ಜಾಗದಲ್ಲಿ ಗಡ್ಡದ ಕಪೂಚಿನ್‌ಗಳಿವೆ. ಅವು ಕಾಡಿನಲ್ಲೇ, ಯಾರೂ ಕಲಿಸದೆ, ಕಲ್ಲಿನಿಂದ ಕಾಯಿ ಒಡೆಯುತ್ತವೆ ಅಂತ ವಿಜ್ಞಾನಿಗಳು 2004ರಲ್ಲಿ ಬರೆದರು. ನಾನು ಅಲ್ಲಿಗೆ ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಓದಿ ತಿಳಿದವನು ನಾನು, ನೋಡಲು ಹೊಸದೇನೂ ಇರಲಾರದು ಅಂದುಕೊಂಡೇ ಹೋಗಿದ್ದೆ.

ಬೆಳಗಿನ ಹೊತ್ತು. ದೂರದಿಂದ ಟಕ್, ಟಕ್ ಅಂತ ಸದ್ದು. ಯಾರೋ ಕಲ್ಲು ಕೆತ್ತುತ್ತಿದ್ದಾರೆ ಅನ್ನಿಸಿತು. ಬಂಡೆಯ ಮರೆಗೆ ಹೋಗಿ ಕೂತರೆ, ಎದುರಿಗೆ ಒಂದು ಗಂಡು ಕೋತಿ. ತೂಕ ಹೆಚ್ಚೆಂದರೆ ನಾಲ್ಕು ಕಿಲೋ. ಅದರ ಮುಂದೆ ಚಪ್ಪಟೆ ಮರಳುಗಲ್ಲು, ಆ ಕಲ್ಲಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿಗಳು. ಅದರ ಅಜ್ಜ ಮುತ್ತಜ್ಜಂದಿರು ಕುಟ್ಟಿ ಕುಟ್ಟಿ ಬಿದ್ದ ಗುಳಿಗಳು ಅವು. ಪಕ್ಕದಲ್ಲೊಂದು ನುಣುಪಾದ ಗುಂಡುಕಲ್ಲು, ಒಂದು ಕಿಲೋಗೆ ಕಮ್ಮಿ ಇಲ್ಲ. ಮರಳುಗಲ್ಲು ಹೊಡೆತಕ್ಕೆ ಪುಡಿಯಾಗುತ್ತದೆ, ಅದಕ್ಕೇ ಸುತ್ತಿಗೆಗೆ ಬೇರೆ ಗಟ್ಟಿ ಕಲ್ಲು. ಇಷ್ಟು ವಿವೇಕ ಅದಕ್ಕಿದೆ.

ಕೋತಿಯ ಕೈಯಲ್ಲಿ ತಾಳೆ ಜಾತಿಯ ಒಂದು ಕಾಯಿ, ಕಬ್ಬಿಣದಂಥ ಕರಟ. ಅದು ಕಾಯಿಯನ್ನು ಬೆರಳಿನಲ್ಲಿ ತಟ್ಟಿತು. ತಿರುಗಿಸಿತು. ಗುಳಿಯಲ್ಲಿ ಇಟ್ಟು, ಬಿಟ್ಟು, ಮತ್ತೆ ಎತ್ತಿತು. ಮತ್ತೆ ಇಟ್ಟಿತು. ಕಾಯಿ ಉರುಳದೆ ಕೂರುವ ಮಗ್ಗುಲು ಸಿಗುವವರೆಗೂ ಬಿಡಲಿಲ್ಲ. ಆಮೇಲೆ ಎರಡು ಕಾಲಿನ ಮೇಲೆ ನಿಂತು, ಬಾಲವನ್ನು ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಗುಂಡುಕಲ್ಲನ್ನು ತಲೆಯ ಎತ್ತರಕ್ಕೆ ಎತ್ತಿತು. ತನ್ನ ತೂಕದ ಕಾಲು ಪಾಲು, ನೆನಪಿರಲಿ. ನಿಮ್ಮಲ್ಲಿ ಅರವತ್ತು ಕಿಲೋ ಇರುವವರು ಹದಿನೈದು ಕಿಲೋ ಕಲ್ಲನ್ನು ಹಾಗೆ ಎತ್ತಿ ನೋಡಿ. ಬೇಡ, ಎತ್ತಬೇಡಿ, ಸೊಂಟ ಹಿಡಿದುಕೊಂಡೀತು. ಧಡ್ ಅಂತ ಕುಕ್ಕಿತು. ಒಡೆಯಲಿಲ್ಲ. ಕಾಯಿಯನ್ನು ಒಂದಿಷ್ಟು ಹೊರಳಿಸಿ ಇನ್ನೊಂದು ಪೆಟ್ಟು. ಆರು ಪೆಟ್ಟು ಎಣಿಸಿದೆ. ಏಳನೆಯದಕ್ಕೆ ಕರಟ ಬಿರಿಯಿತು. ಆಮೇಲೆ ನೋಡಬೇಕಿತ್ತು! ಅಷ್ಟು ದೊಡ್ಡ ಕಲ್ಲನ್ನು ಎತ್ತಿ ಹಾಕಿದ ಅದೇ ಕೈ, ಹೆಬ್ಬೆರಳನ್ನು ತೋರುಬೆರಳಿನ ಪಕ್ಕಕ್ಕೆ ಒತ್ತಿ, ಚೂರು ಚೂರಾದ ತಿರುಳನ್ನು ಒಂದೊಂದಾಗಿ ಹೆಕ್ಕಿತು. ಕಾಳು ಆರಿಸುತ್ತಿರುವವರೇ, ನೀವೀಗ ಮಾಡುತ್ತಿರುವ ಕೆಲಸವೇ ಅದು.

ಮಗ್ಗುಲಲ್ಲಿ ಒಂದು ಮರಿ ಕೂತಿತ್ತು. ದೊಡ್ಡದು ಎದ್ದು ಹೋದ ಕೂಡಲೇ ಬಂದು, ಉಳಿದ ಚೂರು ತಿಂದು, ಖಾಲಿ ಕರಟವನ್ನು ಗುಳಿಯಲ್ಲಿಟ್ಟು, ಒಂದು ಬೆಣಚುಕಲ್ಲಿನಲ್ಲಿ ಕುಟ್ಟಿತು. ಕಲ್ಲು ಒಂದು ಕಡೆ, ಕರಟ ಇನ್ನೊಂದು ಕಡೆ. ಮತ್ತೆ ಕುಟ್ಟಿತು. ಈ ವಿದ್ಯೆ ಕೈಗೆ ಹತ್ತಲು ವರ್ಷಗಳೇ ಬೇಕು. ಬೈಯುವವರಿಲ್ಲ, ಕೈ ಹಿಡಿದು ತಿದ್ದುವವರೂ ಇಲ್ಲ. ಪಕ್ಕದಲ್ಲಿ ಕೂರಲು ಬಿಡುತ್ತವೆ, ಅಷ್ಟೇ. ನಾನು ಆ ಮರಿಯನ್ನೇ ನೋಡುತ್ತ ಮಧ್ಯಾಹ್ನ ಮಾಡಿಬಿಟ್ಟೆ. ಜೊತೆಗೆ ಬಂದವರು ಕಾದು ಕಾದು ಬೇಸತ್ತು ವಾಪಸು ಹೋಗಿದ್ದರು.

ಅದೇ ಜಾಗದಲ್ಲಿ ವಿಜ್ಞಾನಿಗಳು ಒಂದು ಪರೀಕ್ಷೆ ಮಾಡಿದರು, 2009ರಲ್ಲಿ ಪ್ರಕಟವಾಯಿತು. ನೋಡಲು ಒಂದೇ ಥರ, ತೂಕ ಮಾತ್ರ ಬೇರೆ ಬೇರೆ, ಅಂಥ ಕೃತಕ ಕಲ್ಲುಗಳನ್ನು ಮುಂದಿಟ್ಟರು. ಕಣ್ಣಿನಿಂದ ಗೊತ್ತಾಗುವ ಹಾಗಿಲ್ಲ. ಕೋತಿಗಳು ಕಲ್ಲನ್ನು ಬೆರಳಿನಿಂದ ತಟ್ಟಿ, ಅಲುಗಿಸಿ, ಭಾರದ್ದನ್ನೇ ಆರಿಸಿಕೊಂಡವು. ಕಣ್ಣು ಸೋತ ಕಡೆ ಕೈ ಗೆದ್ದಿತು. ಮುಖ ಬಿಡಿ, ಕೈ ನೋಡಿ ಅಂದದ್ದು ಇದಕ್ಕೇ.

ಪಿಯಾವಿಯಲ್ಲೇ ಸೆರಾ ದಾ ಕಪಿವಾರಾ ರಾಷ್ಟ್ರೀಯ ಉದ್ಯಾನವಿದೆ. ಬಂಡೆಗಳ ಮೇಲೆ ಪ್ರಾಚೀನ ಮನುಷ್ಯರು ಬರೆದ ಚಿತ್ರಗಳು ಸಾವಿರ ಸಾವಿರ. 1991ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದೇ ಬೆಟ್ಟಗಳ ನಡುವೆ ಕೋತಿಗಳು ಗೇರುಬೀಜ ಒಡೆಯುತ್ತವೆ. ಗೇರಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ. ಹಲ್ಲು ಹಾಕುವ ಹಾಗಿಲ್ಲ, ಕಲ್ಲೇ ಬೇಕು. ಅಲ್ಲಿ ಮಣ್ಣು ಅಗೆದು ನೋಡಿದವರಿಗೆ ಪದರ ಪದರವಾಗಿ ಕೋತಿಗಳ ಕಲ್ಲುಗಳು ಸಿಕ್ಕವು. ಸುಮಾರು 3,000 ವರ್ಷದ ಲೆಕ್ಕ! ಕಾಲಕಾಲಕ್ಕೆ ಕಲ್ಲಿನ ಗಾತ್ರವೂ ಬದಲಾಗಿದೆ, ಅಂದರೆ ಒಡೆಯುತ್ತಿದ್ದ ಕಾಯಿಯೂ ಬದಲಾಗಿರಬೇಕು. ಬಂಡೆಯ ಮೇಲೆ ಮನುಷ್ಯನ ಕೈಬರಹ, ಕೆಳಗಿನ ಮಣ್ಣಿನಲ್ಲಿ ಕೋತಿಯದು. ಇನ್ನೊಂದು ತಮಾಷೆ. ಅಲ್ಲಿನ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟಿ ಪುಡಿ ನೆಕ್ಕುತ್ತವೆ. ಆಗ ಸಿಡಿಯುವ ಚೂಪು ಚಕ್ಕೆಗಳು ಆದಿಮಾನವರ ಕಲ್ಲುಕತ್ತಿಯ ಹಾಗೇ ಇರುತ್ತವೆ. ಕೋತಿಗಳು ಅವನ್ನು ತಿರುಗಿ ಕೂಡ ನೋಡುವುದಿಲ್ಲ. 2016ರಲ್ಲಿ ಇದು ಪ್ರಕಟವಾದಾಗ ಪುರಾತತ್ವದವರು ತಲೆ ಕೆರೆದುಕೊಂಡರು. ಹಳೆಯ ಚಕ್ಕೆ ಸಿಕ್ಕಿದರೆ ಮನುಷ್ಯನದೇ ಅಂತ ಹೇಗೆ ಹೇಳುವುದು?

ಇಲ್ಲಿಗೇ ಅರ್ಧಕ್ಕಿಂತ ಹೆಚ್ಚು ಹೊತ್ತು ತಿಂದುಬಿಟ್ಟೆ. ಗಾಜಿನ ಆಚೆ ಕೂತವರು ಕೈ ತೋರಿಸುತ್ತಿದ್ದಾರೆ. ಚಿತ್ರಕಲೆಗೆ ಬರೋಣ, ಬೇಗ ಬೇಗ.

ಹದಿನೇಳನೇ ಶತಮಾನದಲ್ಲಿ ಫ್ಲಾಂಡರ್ಸ್‌ನ, ಅಂದರೆ ಈಗಿನ ಬೆಲ್ಜಿಯಂ ಕಡೆಯ, ಡೇವಿಡ್ ಟೆನಿಯರ್ಸ್ ಅನ್ನುವ ಚಿತ್ರಕಾರ ಕೋತಿಗಳಿಗೆ ಅಂಗಿ ತೊಡಿಸಿ, ಇಸ್ಪೀಟು ಆಡಿಸಿ, ಕೊಳವೆ ಸೇದಿಸಿ ಚಿತ್ರ ಬರೆದ. ಹದಿನೆಂಟನೇ ಶತಮಾನಕ್ಕೆ ಫ್ರಾನ್ಸಿನಲ್ಲಿ ಅದು ಹುಚ್ಚೇ ಆಯಿತು. ಶಾಂಟಿಯಿ ಅನ್ನುವ ಅರಮನೆಯಲ್ಲಿ ಒಂದು ಇಡೀ ಕೋಣೆಯ ಗೋಡೆ ತುಂಬ ಕೋತಿಗಳು. ಶಾರ್ದೆನ್ ಅನ್ನುವ ದೊಡ್ಡ ಕಲಾವಿದ ಟೋಪಿ ಹಾಕಿದ ಕೋತಿಯೊಂದನ್ನು ಚಿತ್ರಕಾರನಾಗಿ ಕೂರಿಸಿದ. ಅದು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಚೆನ್ನಾಗಿದೆ, ನಗು ಬರುತ್ತದೆ. ಆದರೆ ಆ ಕೈಗಳನ್ನು ನೋಡಿ. ಕುಂಚ, ಇಸ್ಪೀಟು, ಕೊಳವೆ, ಎಲ್ಲ ನಮ್ಮ ಸಾಮಾನು. ಅವುಗಳ ಕೈಗೆ ಅವುಗಳದೇ ಕೆಲಸವಿದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಜಾರ್ಜ್ ಸ್ಯೂರಾ ಇದ್ದಾನಲ್ಲ, ಚುಕ್ಕೆ ಚುಕ್ಕೆಯಾಗಿ ಬಣ್ಣ ಇಟ್ಟವನು. ಪ್ಯಾರಿಸ್ ಬಳಿಯ ಗ್ರಾಂದ್ ಜಾತ್ ದ್ವೀಪದ ಭಾನುವಾರದ ಮಧ್ಯಾಹ್ನವನ್ನು ಅವನು 1884ರಿಂದ 86ರವರೆಗೆ ಬರೆದ. ಈಗ ಶಿಕಾಗೋದಲ್ಲಿದೆ, ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಬಲಗಡೆ ಕೊಡೆ ಹಿಡಿದ ಹೆಂಗಸು, ಅವಳ ಕೈಯಲ್ಲಿ ಒಂದು ದಾರ, ದಾರದ ತುದಿಗೆ ನಮ್ಮ ಕಪೂಚಿನ್. ನಾನು ಆ ಚಿತ್ರದ ಮುಂದೆ ನಿಂತಾಗ ಜನ ಆ ಹೆಂಗಸಿನ ಉಬ್ಬಿದ ಲಂಗವನ್ನು ನೋಡಿದರು, ಕೋತಿಯ ಸುರುಳಿ ಬಾಲವನ್ನು ನೋಡಿದರು, ಮುಂದೆ ಹೋದರು. ಪಾಪದ್ದು, ಮುಂಗೈ ನೆಲಕ್ಕೂರಿ ನಿಂತಿದೆ, ಮಾಡಲು ಏನೂ ಇಲ್ಲ.

ಕೈಗೆ ಬಿಡುವು ಹೆಚ್ಚಾದರೆ ಏನಾಗುತ್ತದೆ ಅನ್ನುವುದಕ್ಕೆ ಪನಾಮಾದ ಹಿಕರೋನ್ ದ್ವೀಪದ ಕಥೆಯಿದೆ. ಅಲ್ಲಿ ಶತ್ರುಗಳಿಲ್ಲ, ತಿನ್ನಲು ಬೇಕಾದಷ್ಟು. ಕೆಲವು ಗಂಡು ಕಪೂಚಿನ್‌ಗಳು 2022ರಿಂದ ಬೇರೆ ಜಾತಿಯ ಕೋತಿಯ, ಹೌಲರ್‌ಗಳ, ಎಳೆ ಮರಿಗಳನ್ನು ಕದ್ದು ಹೊತ್ತು ತಿರುಗತೊಡಗಿದವು. ಕನಿಷ್ಠ 11 ಮರಿಗಳು. ತಿನ್ನಲಿಕ್ಕಲ್ಲ, ಸಾಕಲಿಕ್ಕೂ ಅಲ್ಲ. ಒಂದು ಶುರು ಮಾಡಿತು, ಉಳಿದವು ಕಲಿತವು. ವೆನೆಜುವೇಲಾದಲ್ಲಿ ಮಳೆಗಾಲದಲ್ಲಿ ಕಪೂಚಿನ್‌ಗಳು ಸಹಸ್ರಪದಿ ಹುಳುವನ್ನು ಮೈಗೆ ತಿಕ್ಕಿಕೊಂಡು ಸೊಳ್ಳೆ ಓಡಿಸುತ್ತವೆ, ಅದನ್ನೂ ವಿವರವಾಗಿ ಹೇಳಬೇಕಿತ್ತು. ಆಗಲಿಲ್ಲ.

ಕೊನೆಯದೊಂದು, ಇದನ್ನು ಬಿಡಲಾರೆ. ಪೆರು ದೇಶದ ನಾಸ್ಕಾ ಮರುಭೂಮಿ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಜನ ನೆಲದ ಮೇಲೆ ಗೆರೆ ತೆಗೆದು ದೈತ್ಯ ಚಿತ್ರ ಬರೆದರು. ಅದರಲ್ಲೊಂದು ಕೋತಿ, 90 ಮೀಟರ್‌ನಷ್ಟು ಉದ್ದ, ಬಾಲ ಸುರುಳಿ ಸುತ್ತಿದೆ. ಆ ಮರುಭೂಮಿಯಲ್ಲಿ ಕೋತಿ ಬದುಕುವುದಿಲ್ಲ, ಆಂಡಿಸ್ ಪರ್ವತದ ಆಚೆಯ ಕಾಡಿನದು ಅದು. ಯಾವ ಕೋತಿ? ಜೇಡಕೋತಿ ಅನ್ನುವವರಿದ್ದಾರೆ, ಕಪೂಚಿನ್ ಅನ್ನುವವರಿದ್ದಾರೆ. ಮುಖ ನೋಡಿದರೆ ಇತ್ಯರ್ಥವಾಗುವುದಿಲ್ಲ, ಯಾಕೆಂದರೆ ಅದಕ್ಕೆ ಕಣ್ಣು ಮೂಗನ್ನೇ ಬರೆದಿಲ್ಲ. ಎರಡು ಕೈ ಮಾತ್ರ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಜೇಡಕೋತಿಗೆ ಹೆಬ್ಬೆರಳು ಇರುವುದಿಲ್ಲ, ಕೈಗೆ ನಾಲ್ಕೇ ಬೆರಳು. ಕಪೂಚಿನ್‌ಗೆ ಐದು. ಈ ಕೋತಿಯ ಬೆರಳು ಎಣಿಸಿದರೆ ಒಂದು ಕೈಯಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು.

ನನ್ನ ಓಟು ಐದು ಬೆರಳಿನ ಕೈಗೆ. ಹೊತ್ತಾಯಿತು, ಬರುತ್ತೇನೆ. ನಮಸ್ಕಾರ.