ಗೋಡೆಯಾಚೆಯ ಕೇರಿಗಳು

ಕೇಳುಗರಿಗೆ ನಮಸ್ಕಾರ.

ಯಾವುದೇ ಹಳೇ ನಗರಕ್ಕೆ ಹೋಗಿ, ನಟ್ಟನಡುವೆ ಒಂದು ದೊಡ್ಡ ಚೌಕ ಇದ್ದೇ ಇರುತ್ತದೆ. ಸುತ್ತ ಒಂದು ಅರಮನೆ, ಒಂದು ಪೂಜಾಸ್ಥಳ, ಒಂದು ಗಡಿಯಾರದ ಗೋಪುರ. ಎಲ್ಲರೂ ಅಲ್ಲೇ ನಿಂತು ಫೋಟೊ ತೆಗೆಯುತ್ತಿರುತ್ತಾರೆ. ನೋಡಬೇಕಾದ ಜಾಗವೇ ಅದು, ಬೇಡ ಅನ್ನುವುದಿಲ್ಲ. ಆದರೆ ಅದು ನಗರದ ಪಡಸಾಲೆ, ಬಂದವರಿಗೆ ತೋರಿಸಲೆಂದೇ ಒಪ್ಪವಾಗಿ ಇಟ್ಟದ್ದು. ಮನೆಯವರ ಬದುಕು ಗೊತ್ತಾಗಬೇಕಾದರೆ ಹಿತ್ತಲಿಗೆ ಹೋಗಬೇಕು, ಅಲ್ವಾ? ಹಳೇ ಕೋಟೆ ಗೋಡೆಯ ಗೆರೆ ದಾಟಿ ಸ್ವಲ್ಪ ದೂರ ನಡೆದರೆ ಸಿಗುವ ಕೇರಿಗಳ ಬಗ್ಗೆ ಇವತ್ತು ಮಾತಾಡೋಣ.

ಗೋಡೆಯ ಒಳಗೆ ಜಾಗ ಕಡಿಮೆ, ಕಟ್ಟಳೆ ಜಾಸ್ತಿ. ಹಾಗಾಗಿ ನಗರಕ್ಕೆ ಬೇಕು, ಆದರೆ ಪಕ್ಕದಲ್ಲಿ ಬೇಡ ಅನ್ನುವಂಥದ್ದೆಲ್ಲ ಆಚೆ ಹೋಯಿತು. ಚರ್ಮ ಹದ ಮಾಡುವವರು, ಕಸಾಯಿಖಾನೆ, ಸದಾ ಬೆಂಕಿ ಉರಿಯುವ ಗೂಡುಗಳು, ಅಂಟುರೋಗದವರ ಆಸ್ಪತ್ರೆ. ಜೊತೆಗೆ ನಾಟಕದವರು, ಬೇರೆ ಧರ್ಮದವರು, ಬೇರೆ ಭಾಷೆಯವರು. ಇವರಿಲ್ಲದೆ ಒಳಗಿನವರ ಒಂದು ದಿನವೂ ಸಾಗುತ್ತಿರಲಿಲ್ಲ. ಆದರೂ ಸಂಜೆ ಬಾಗಿಲು ಹಾಕುವಾಗ ಇವರು ಬಾಗಿಲಿನ ಹೊರಗೇ ಇರಬೇಕಾಗಿತ್ತು.

ಲಂಡನ್ನಿನ ನಾಟಕಶಾಲೆಗಳನ್ನೇ ತೆಗೆದುಕೊಳ್ಳಿ. ಅಲ್ಲಿನ ನಗರಸಭೆಯ ಹಿರಿಯರಿಗೆ ನಾಟಕ ಅಂದರೆ ಆಗುತ್ತಿರಲಿಲ್ಲ. ಜನ ಸೇರುತ್ತಾರೆ, ಪ್ಲೇಗ್ ಹರಡುತ್ತದೆ, ಕೆಲಸ ಕಲಿಯುವ ಹುಡುಗರು ಹಾಳಾಗುತ್ತಾರೆ ಅಂತ ಅವರ ದೂರು. ಹಾಗಾಗಿ 1576ರಲ್ಲಿ ನಾಟಕಕ್ಕೆಂದೇ ಒಂದು ಕಟ್ಟಡ ಎದ್ದಾಗ ಅದು ಗೋಡೆಯಾಚೆ ಶೋರ್‌ಡಿಚ್‌ನಲ್ಲಿ ಎದ್ದಿತು. ಶೇಕ್ಸ್‌ಪಿಯರನ ತಂಡದ ಗ್ಲೋಬ್ ನಾಟಕಶಾಲೆ 1599ರಲ್ಲಿ ಥೇಮ್ಸ್ ನದಿಯ ಆಚೆ ದಡದಲ್ಲಿ, ಸದರ್ಕ್‌ನಲ್ಲಿ ಎದ್ದಿತು. ಇವತ್ತು ಇಂಗ್ಲೆಂಡು ಯಾವ ನಾಟಕಗಳ ಬಗ್ಗೆ ಹೆಮ್ಮೆ ಪಡುತ್ತದೋ ಅವನ್ನು ಆಡಲು ನಗರದೊಳಗೆ ಜಾಗ ಇರಲಿಲ್ಲ. ಸದರ್ಕ್‌ನಿಂದ ಇನ್ನೂ ಸ್ವಲ್ಪ ಪೂರ್ವಕ್ಕೆ ನಡೆದರೆ ಬರ್ಮಂಡ್ಸಿ ಸಿಗುತ್ತದೆ. ಚರ್ಮ ಹದ ಮಾಡುವ ಕೇರಿ ಅದು. ಆ ವಾಸನೆ ಹೋಗಿ ಎಷ್ಟೋ ಕಾಲವಾಯಿತು, ಆದರೆ ಟ್ಯಾನರ್ ಸ್ಟ್ರೀಟ್, ಲೆದರ್ ಮಾರ್ಕೆಟ್ ಅನ್ನುವ ಹೆಸರುಗಳು ಹಾಗೇ ಇವೆ.

ಲಂಡನ್ನಿನದೇ ಇನ್ನೊಂದು ಕೇರಿ ಸ್ಪಿಟಲ್‌ಫೀಲ್ಡ್ಸ್. ನನ್ನನ್ನು ಕೇಳಿದರೆ, ಇಂಥ ಕೇರಿಗಳನ್ನು ಓದುವುದು ಹೇಗೆ ಅಂತ ಕಲಿಯಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ. 1197ರಲ್ಲಿ ಊರಬಾಗಿಲಿನ ಹೊರಗೆ ಇಲ್ಲಿ ಒಂದು ಆಸ್ಪತ್ರೆ ಶುರುವಾಯಿತು. ಅದರ ಸುತ್ತಲಿನ ಹೊಲಗಳಿಗೂ ಆಸ್ಪತ್ರೆಯದೇ ಹೆಸರು ಬಂತು, ಸ್ಪಿಟಲ್ ಅಂದರೆ ಹಾಸ್ಪಿಟಲ್. 1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ತನ್ನ ನಾಡಿನ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆಯನ್ನು ರದ್ದು ಮಾಡಿದ. ಸಾವಿರಾರು ಜನ ಓಡಿ ಬಂದರು. ಅವರಲ್ಲಿ ರೇಷ್ಮೆ ನೇಯುವವರು ತುಂಬಾ ಮಂದಿ ಇದೇ ಕೇರಿಯಲ್ಲಿ ನೆಲೆ ನಿಂತರು. ಫೋರ್ನಿಯರ್ ಸ್ಟ್ರೀಟಿನಲ್ಲಿ ನಿಂತು ಕತ್ತೆತ್ತಿ ನೋಡಿ. ಮನೆಗಳ ಅಟ್ಟದ ಕಿಟಕಿಗಳು ವಿಪರೀತ ಅಗಲ. ಸುಮ್ನೆ ಚೆಂದಕ್ಕೆ ಇಟ್ಟದ್ದಲ್ಲ ಅದು. ಮಗ್ಗದ ಮೇಲೆ ಬೆಳಕು ಬೀಳಬೇಕಿತ್ತು.

ಅದೇ ಬೀದಿ ಬ್ರಿಕ್ ಲೇನ್ ಸೇರುವ ಮೂಲೆಯಲ್ಲಿ ಒಂದು ಇಟ್ಟಿಗೆ ಕಟ್ಟಡ ಇದೆ. 1743ರಲ್ಲಿ ಈ ಫ್ರೆಂಚ್ ವಲಸಿಗರು ಪ್ರಾರ್ಥನೆಗೆಂದು ಕಟ್ಟಿಕೊಂಡದ್ದು. ಆಮೇಲೆ ಅದು ಮೆಥಡಿಸ್ಟರ ಚರ್ಚ್ ಆಯಿತು. ರಷ್ಯಾ ಕಡೆಯಿಂದ ಯಹೂದಿಗಳು ಬಂದು ಸೇರಿದ ಮೇಲೆ, 1898ರಲ್ಲಿ, ಅವರ ಸಿನಗಾಗ್ ಆಯಿತು. ಬಾಂಗ್ಲಾದೇಶದವರು ನೆಲೆಸಿದ ಮೇಲೆ, 1976ರಲ್ಲಿ, ಮಸೀದಿಯಾಯಿತು. ಗೋಡೆ ಅದೇ, ಮಾಡು ಅದೇ. ಹೊಸದಾಗಿ ಬಂದ ಬಡವರಿಗೆ ನಗರದ ಹತ್ತಿರ ಸಿಗುತ್ತಿದ್ದ ಜಾಗ ಅದೊಂದೇ. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಅಲ್ಲಿಗೇ ಬಂದರು. ಚೌಕದ ಚರ್ಚುಗಳಲ್ಲಿ ಇಂಥ ಕಥೆ ಸಿಗುವುದಿಲ್ಲ. ಅವು ಇದ್ದವರ ಕೈಯಲ್ಲೇ ಉಳಿದವು.

ಪ್ಯಾರಿಸ್‌ನಲ್ಲಿ ಸೇಂಟ್ ಆಂಟ್ವಾನ್ ಅನ್ನುವ ಹೊರಕೇರಿ ಇದೆ. ನಗರದೊಳಗೆ ಮರಗೆಲಸ ಮಾಡಬೇಕಾದರೆ ಕುಶಲಕರ್ಮಿಗಳ ಸಂಘದ ಒಪ್ಪಿಗೆ ಬೇಕಿತ್ತು. ಈ ಕೇರಿ ಮಾತ್ರ ಒಂದು ಕ್ರೈಸ್ತ ಮಠದ ನೆರಳಿನಲ್ಲಿದ್ದ ಕಾರಣ ಸಂಘದ ಹಿಡಿತ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಕೈಯಲ್ಲಿ ಕಸುಬು ಇದ್ದವರೆಲ್ಲ ಇಲ್ಲಿಗೆ ಬಂದರು, ಹೊಸ ಮರ, ಹೊಸ ವಿನ್ಯಾಸ ಎಲ್ಲವನ್ನೂ ಇಲ್ಲೇ ಪ್ರಯತ್ನಿಸಿದರು. ಬೀದಿಯಿಂದ ನೋಡಿದರೆ ಬರೀ ಒಂದು ದೊಡ್ಡ ಬಾಗಿಲು. ಒಳಗೆ ಕಾಲಿಟ್ಟರೆ ಒಂದು ಅಂಗಳ, ಅದರ ಹಿಂದೆ ಇನ್ನೊಂದು, ಸುತ್ತ ಕಮ್ಮಟಗಳು. 1789ರ ಜುಲೈ 14ರಂದು ಬಾಸ್ಟೀಲ್ ಸೆರೆಮನೆಗೆ ನುಗ್ಗಿದವರಲ್ಲಿ ಈ ಕೇರಿಯ ಕೆಲಸಗಾರರು ಬಹಳ ಮಂದಿ. ಆ ಸೆರೆಮನೆ ಇದ್ದದ್ದೇ ಅವರ ಬೀದಿಯ ತುದಿಯಲ್ಲಿ! ಅದೇ ಬದಿಯಲ್ಲಿ ರೈಲು ಓಡುತ್ತಿದ್ದ ಒಂದು ಎತ್ತರದ ಸೇತುವೆ ಇದೆ. ರೈಲು 1969ರಲ್ಲಿ ನಿಂತಿತು. ಈಗ ಮೇಲೆ ಉದ್ದಕ್ಕೂ ತೋಟ, ಕೆಳಗಿನ ಕಮಾನುಗಳಲ್ಲಿ ಕುಶಲಕರ್ಮಿಗಳ ಮಳಿಗೆಗಳು. ನ್ಯೂಯಾರ್ಕಿನ ಹೈ ಲೈನ್ ತೋಟದ ಹೆಸರು ಎಲ್ಲರೂ ಕೇಳಿದ್ದಾರೆ. ಇದು ಅದಕ್ಕಿಂತ ಮೊದಲಿನದು.

ಸರಿ, ಗೋಡೆಯೇ ಇಲ್ಲದ ಕಡೆ ಗೋಡೆಯ ಗೆರೆ ಹುಡುಕುವುದು ಹೇಗೆ? ಸುಲಭ. ನಕ್ಷೆಯಲ್ಲಿ ಹಳೇ ಭಾಗವನ್ನು ಉಂಗುರದ ಹಾಗೆ ಸುತ್ತುವ ಅಗಲವಾದ ರಸ್ತೆ ಇದೆಯಾ ನೋಡಿ. ವಿಯೆನ್ನಾದ ಗೋಡೆಯನ್ನು ಕೆಡವಲು 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅಪ್ಪಣೆ ಕೊಟ್ಟ. ಅದೇ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಬಂತು. ಪ್ರವಾಸಿಗರು ಅದರ ಉದ್ದಕ್ಕೂ ಟ್ರ್ಯಾಮಿನಲ್ಲಿ ಸುತ್ತುತ್ತಾರೆ. ಅಡ್ಡಲಾಗಿ ದಾಟಿ ಸ್ಪಿಟಲ್‌ಬರ್ಗ್‌ನ ಓಣಿಗಳಿಗೆ ಹೋಗುವವರು ಕಡಿಮೆ. ಬಾಗಿಲು, ಕಂದಕ, ಕೊತ್ತಲ ಅನ್ನುವ ಅರ್ಥ ಬರುವ ಬೀದಿ ಹೆಸರುಗಳೂ ದಾರಿ ತೋರಿಸುತ್ತವೆ. ಆಮೇಲೆ ನದಿ ಯಾವ ಕಡೆ ಹರಿಯುತ್ತದೆ ನೋಡಿ. ಕೊಳೆ ನೀರು ಬಿಡುವ ಕಸುಬುಗಳನ್ನು ಸಾಮಾನ್ಯವಾಗಿ ಕೆಳಹರಿವಿಗೆ ಕಳಿಸುತ್ತಿದ್ದರು. ಪಶ್ಚಿಮ ಯುರೋಪಿನಲ್ಲಾದರೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಹೊಗೆ ಪೂರ್ವಕ್ಕೆ ಹೋಗುತ್ತದೆ. ಎಷ್ಟೋ ನಗರಗಳಲ್ಲಿ ಕೆಲಸಗಾರರ ಕೇರಿ ಪೂರ್ವಕ್ಕೇ ಇರುವುದಕ್ಕೆ ಇದೂ ಒಂದು ಕಾರಣ.

ರೈಲು ನಿಲ್ದಾಣಗಳೂ ಇದೇ ಅಂಚಿನಲ್ಲಿ ಸಿಗುತ್ತವೆ. 1846ರಲ್ಲಿ ಲಂಡನ್ನಿನಲ್ಲಿ ಒಂದು ಆಯೋಗ ನಗರದ ನಡುಭಾಗಕ್ಕೆ ರೈಲು ಬರುವುದು ಬೇಡ ಅಂದಿತು. ಪ್ಯಾಡಿಂಗ್ಟನ್, ಯೂಸ್ಟನ್ ಅದಕ್ಕೂ ಮೊದಲೇ ಅಂಚಿನಲ್ಲಿದ್ದವು, ಆಮೇಲೆ ಬಂದ ಕಿಂಗ್ಸ್ ಕ್ರಾಸ್, ಸೇಂಟ್ ಪ್ಯಾಂಕ್ರಾಸ್ ಕೂಡ ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ನಿಂತವು.

ಈಗ ಸ್ವಲ್ಪ ಕಹಿಯಾದ ಸಂಗತಿ. ಈ ಕೇರಿಗಳಲ್ಲಿ ಹಳೇ ಮನೆಗಳು ಅಷ್ಟು ಕಾಲ ಉಳಿದದ್ದು ಹೆಚ್ಚಾಗಿ ಯಾರೋ ಪ್ರೀತಿಯಿಂದ ಕಾಪಾಡಿದ್ದಕ್ಕಲ್ಲ. ಕೆಡವಿ ಹೊಸದು ಕಟ್ಟಲು ಅಲ್ಲಿನವರ ಹತ್ತಿರ ದುಡ್ಡು ಇರಲಿಲ್ಲ, ಅಷ್ಟೇ. ಅದೇ ಬಡತನದಿಂದಾಗಿ ಬೇರೆ ಕಡೆ ಕೇರಿಗಳೇ ಅಳಿಸಿಹೋದವು. ನೆಲ ಅಗ್ಗ, ಕೇಳುವವರು ಯಾರೂ ಇಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪ್ರವಾಸಿಗರೆಲ್ಲ ಫ್ರೆಂಚ್ ಕ್ವಾರ್ಟರಿನಲ್ಲಿ ತುಂಬಿರುತ್ತಾರೆ. ರಾಂಪಾರ್ಟ್ ಸ್ಟ್ರೀಟ್ ಅನ್ನುವ ಒಂದು ರಸ್ತೆ ದಾಟಿದರೆ ಟ್ರೆಮೇ. ಅಲ್ಲಿನ ಕಾಂಗೋ ಚೌಕದಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರ ಸೇರಿ ಡೋಲು ಬಡಿದು, ಕುಣಿದು, ತಾವು ಬೆಳೆದದ್ದನ್ನು ಮಾರುತ್ತಿದ್ದರು. ಜಾಝ್ ಸಂಗೀತದ ಬೇರು ಹುಡುಕುವವರು ಈ ಚೌಕಕ್ಕೆ ಬರದೆ ಇರುವುದಿಲ್ಲ. ಇದೇ ಕೇರಿಯ ಕ್ಲೇಬೋರ್ನ್ ರಸ್ತೆಯ ನಡುವೆ ಸಾಲು ಓಕ್ ಮರಗಳಿದ್ದವು, ಎರಡೂ ಬದಿಗೆ ಕಪ್ಪುಜನರ ಅಂಗಡಿಗಳಿದ್ದವು. 1960ರ ದಶಕದಲ್ಲಿ ಮರಗಳನ್ನು ಕಡಿದು ಮೇಲ್ಸೇತುವೆ ಹೆದ್ದಾರಿ ಕಟ್ಟಿದರು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಬಾಸ್ಟನ್ ನಗರದಲ್ಲೂ ಇಂಥದ್ದೇ ಹೆದ್ದಾರಿ ನಾರ್ತ್ ಎಂಡ್ ಕೇರಿಯನ್ನು ಪೇಟೆಯಿಂದ ಕತ್ತರಿಸಿ ಹಾಕಿತ್ತು. ಅಲ್ಲಿ ಕೊನೆಗೆ ರಸ್ತೆಯನ್ನು ನೆಲದಡಿಗೆ ಇಳಿಸಿದರು, 2008ರಲ್ಲಿ ಮೇಲೆ ಉದ್ಯಾನ ತೆರೆಯಿತು. ಟ್ರೆಮೇಯಲ್ಲಿ ಸೇತುವೆ ಹಾಗೇ ನಿಂತಿದೆ. ಅದರ ಕಂಬಗಳ ಮೇಲೆ ಜನ ಆ ಓಕ್ ಮರಗಳ ಚಿತ್ರ ಬರೆದಿದ್ದಾರೆ.

ಲಿಸ್ಬನ್ನಿನ ಮೊರಾರಿಯಾದ ಕಥೆಯೂ ಹೀಗೇ ಅರ್ಧಂಬರ್ಧ. 1147ರಲ್ಲಿ ನಗರ ಕ್ರೈಸ್ತ ದೊರೆಯ ಕೈಗೆ ಬಂದ ಮೇಲೆ ಮುಸ್ಲಿಮರಿಗೆ ಗೋಡೆಯ ಹೊರಗೆ ಬಿಟ್ಟುಕೊಟ್ಟ ಜಾಗ ಅದು. ಇಪ್ಪತ್ತನೇ ಶತಮಾನದ ನಡುವೆ ಕೆಳಗಿನ ಭಾಗವನ್ನು ಕೆಡವಿಬಿಟ್ಟರು. ಗುಡ್ಡದ ಇಳಿಜಾರಿನ ಓಣಿಗಳು ಉಳಿದುಕೊಂಡವು. ಫಾದೋ ಅನ್ನುವ ಹಾಡಿನ ಪರಂಪರೆ ತನ್ನ ತವರುಗಳಲ್ಲಿ ಒಂದು ಅಂತ ಹೇಳಿಕೊಳ್ಳುವುದು ಈ ಓಣಿಗಳನ್ನೇ.

ಉಳಿಸಿಕೊಂಡರೂ ಕಷ್ಟ ತಪ್ಪುವುದಿಲ್ಲ. ಸ್ಪಿಟಲ್‌ಫೀಲ್ಡ್ಸ್‌ನ ಆ ಮಗ್ಗದ ಮನೆಗಳು 1970ರ ದಶಕದಲ್ಲಿ ಕೆಡವುವ ಪಟ್ಟಿಯಲ್ಲಿದ್ದವು. ಒಂದಷ್ಟು ಜನ ಒಳಗೆ ನುಗ್ಗಿ ಕೂತು ಉಳಿಸಿದರು. ಇವತ್ತು ಅಂಥ ಮನೆ ಕೊಳ್ಳಬೇಕಾದರೆ ಕೋಟ್ಯಧಿಪತಿಯೇ ಆಗಿರಬೇಕು. ನೇಕಾರ ಬಿಡಿ, ಮೇಷ್ಟ್ರಿಗೂ ಅದು ಎಟುಕುವುದಿಲ್ಲ. ಇಂಥ ಜಾಗಗಳ ಬಗ್ಗೆ ಬಾನುಲಿಯಲ್ಲಿ ಮಾತಾಡುವ ನನ್ನಂಥವರ ಪಾಲೂ ಇದರಲ್ಲಿ ಇದೆ ಅನ್ನಿ.

ನೀವು ಹೋಗುವುದಾದರೆ ಒಂದಿಷ್ಟು ಗಮನದಲ್ಲಿರಲಿ. ಕೆಲಸದ ದಿನ ಬೆಳಿಗ್ಗೆ ಹೋಗಿ. ಕಮ್ಮಟ ತೆರೆದಿರುತ್ತದೆ, ಕಸುಬಿನವರು ಬಾಗಿಲಲ್ಲೇ ಸಿಗುತ್ತಾರೆ. ಒಗೆದು ಹಾಕಿದ ಬಟ್ಟೆ, ಆಡುವ ಮಕ್ಕಳು, ತೆರೆದ ಕಿಟಕಿ, ಇವುಗಳ ಫೋಟೊ ಬೇಡ. ಅಂಗಳದೊಳಗೆ ಹೋಗುವ ಮುಂಚೆ ಒಂದು ಮಾತು ಕೇಳಿ. ಹತ್ತು ಕೇರಿಗಳ ಪಟ್ಟಿ ಮಾಡಿಕೊಂಡು ಓಡಾಡಬೇಡಿ. ಊರಿಂದ ಅತಿ ದೂರದ ಊರಿಗೆ ಹೋಗುತ್ತಿದ್ದ ಹೆದ್ದಾರಿ ಯಾವ ಬಾಗಿಲಿಂದ ಹೊರಡುತ್ತಿತ್ತು ಅಂತ ತಿಳಿದುಕೊಳ್ಳಿ. ಕತ್ತಲಾದ ಮೇಲೆ ಬಾಗಿಲು ಹಾಕುತ್ತಿದ್ದರಲ್ಲ, ತಡವಾಗಿ ಬಂದ ಪ್ರಯಾಣಿಕರು ಹೊರಗೇ ಉಳಿಯಬೇಕಾಗಿತ್ತು. ಛತ್ರ, ಲಾಯ, ಕಮ್ಮಾರಸಾಲೆ ಎಲ್ಲ ಅಲ್ಲೇ ಬೆಳೆದವು. ಆ ಒಂದು ರಸ್ತೆ ಹಿಡಿದು ಒಂದು ಕಿಲೋಮೀಟರ್ ನಡೆದರೆ ಸಾಕು. ಅಕ್ಕಪಕ್ಕದ ಓಣಿಗಳಿಗೇ ಅರ್ಧ ದಿನ ಹಿಡಿಯುತ್ತದೆ.

ನಮಸ್ಕಾರ.