ಶೆಡ್ ಸೋರುತ್ತಿದ್ದರೆ ಟಾರ್ ಡಬ್ಬಿ ಬದಿಗಿಡಿ

ನಮಸ್ಕಾರ. ಮನೆ ಹಿಂದೆ ಶೀಟಿನ ಶೆಡ್ ಹಾಕಿಕೊಂಡು ಮರಗೆಲಸ, ವೆಲ್ಡಿಂಗ್ ಮಾಡುವವರ ಹತ್ತಿರ ಇವತ್ತು ಮಾತಾಡಬೇಕು. ಶೆಡ್ ಸೋರುತ್ತಿದೆಯಾ? ದಯವಿಟ್ಟು ಟಾರ್ ಬಳಿಯಬೇಡಿ. ಅದು ರಿಪೇರಿ ಅಲ್ಲವೇ ಅಲ್ಲ.

ನಾವೆಲ್ಲ ಹನಿ ಬೀಳುವ ಜಾಗದ ನೇರಕ್ಕೆ ಮೇಲೆ ಹತ್ತಿ ಬಳಿಯುತ್ತೇವೆ. ಆದರೆ ನೀರು ಒಳಗೆ ಬರುವುದು ಇನ್ನೂ ಮೇಲಿನಿಂದ. ಶೀಟಿನ ಅಡಿಗೆ ಅಂಟಿಕೊಂಡು ಇಳಿದು, ಕಬ್ಬಿಣದ ಪಟ್ಟಿ ಸಿಕ್ಕಿದಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಮೊದಲು ತೂತು ಹುಡುಕಿ. ಒಣ ದಿನ ಒಬ್ಬರು ಏಣಿ ಮೇಲೆ ಪೈಪ್ ಹಿಡಿಯಲಿ, ಇನ್ನೊಬ್ಬರು ಒಳಗೆ ನಿಂತು ನೋಡಲಿ. ಕೆಳಗಿನ ಅಂಚಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಮೇಲಿನಿಂದ ನೀರು ಬಿಟ್ಟರೆ ಇಡೀ ಶೀಟು ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ.

ಜಾಸ್ತಿ ಸಲ ಸಿಗುವ ಕಳ್ಳ ಅಂದರೆ ಸ್ಕ್ರೂ. 20 ಅಡಿಯ ಕಬ್ಬಿಣದ ಶೀಟು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಹಗಲು ಹಿಗ್ಗಿ, ರಾತ್ರಿ ಕುಗ್ಗಿ ಸ್ಕ್ರೂ ತೂತು ಅಗಲವಾಗುತ್ತದೆ. ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳುತ್ತದೆ. ಅದರ ಮೇಲೆ ಟಾರ್ ಬಳಿದರೆ ಅದೂ ಬಿರುಕು ಬಿಡುತ್ತದೆ, ಅಲ್ವಾ? ಬಿರುಕಿನಲ್ಲಿ ಇಳಿದ ನೀರು ಅಡಿಯಲ್ಲೇ ನಿಂತು ತುಕ್ಕು ಹಿಡಿಸುತ್ತದೆ, ನಿಮ್ಮ ಕಣ್ಣಿಗೂ ಬೀಳುವುದಿಲ್ಲ.

ಹಳೆ ಸ್ಕ್ರೂ ತೆಗೆದು ಒಂದು ಸೈಜ್ ದಪ್ಪದ್ದು ಹಾಕಿ. ವಾಷರ್ ಇಪಿಡಿಎಂ ಅನ್ನುವ, ಬಿಸಿಲು ಮಳೆ ತಡೆಯುವ ರಬ್ಬರಿನದಿರಲಿ. ಡ್ರಿಲ್ ಇದೆ ಅಂತ ಸಿಕ್ಕಾಪಟ್ಟೆ ಬಿಗಿಯಬೇಡಿ, ರಬ್ಬರ್ ಹೊರಗೆ ಉಬ್ಬಿದರೆ ಅದು ಬೇಗ ಹರಿಯುತ್ತದೆ. ಸಂದಿ ಮುಚ್ಚಲು ಸಿಲಿಕೋನ್ ಅಂಟು ಬಳಸುವುದಾದರೆ ಮೂಸಿ ನೋಡಿ. ವಿನೆಗರ್ ವಾಸನೆ ಬರುವಂಥದ್ದು ಶೀಟಿನ ಮೇಲಿನ ಸತುವಿನ ಲೇಪನವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ತಾಪತ್ರಯ. ಮುಂಗಾರು ಗಾಳಿ ನೈರುತ್ಯದಿಂದ ಬರುತ್ತದೆ. ಶೀಟಿನ ಮೇಲೆ ಶೀಟು ಕೂರುವಲ್ಲಿ ತೆರೆದ ಅಂಚು ಪಡುವಣಕ್ಕೆ ಮುಖ ಮಾಡಿದ್ದರೆ, ಇರಿಚಲು ಸೀದಾ ಒಳಗೆ ನುಗ್ಗುತ್ತದೆ. ಸದ್ಯಕ್ಕೆ ಎರಡು ಶೀಟುಗಳ ನಡುವೆ ಬ್ಯುಟೈಲ್ ಟೇಪ್, ಅಂದರೆ ಅಂಟುವ ಮೆತ್ತನೆಯ ರಬ್ಬರ್ ಪಟ್ಟಿ, ಇಡಬಹುದು. ಸರಿಯಾದ ದಾರಿ ಅಂದರೆ ಬಿಚ್ಚಿ, ಪೂರ್ವದ ತುದಿಯಿಂದ ಶುರು ಮಾಡಿ ಮತ್ತೆ ಹೊದಿಸುವುದು. ಹೊಸ ಶೆಡ್ ಹಾಕಿಸುವಾಗ ನೀವೇ ನಿಂತು ಇದನ್ನು ಹೇಳಿ. ಕೂಲಿ ಅಷ್ಟೇ ಆಗುತ್ತದೆ.

ಶೆಡ್ ಮನೆ ಗೋಡೆಗೆ ತಾಗಿದ್ದರೆ ಆ ಸಂದಿಗೆ ಸುಮ್ನೆ ಸಿಮೆಂಟ್ ಮೆತ್ತಬೇಡಿ. ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು, ತಗಡಿನ ಪಟ್ಟಿಯ ಅಂಚನ್ನು ಒಳಗೆ ಸೇರಿಸಿ ಶೀಟಿನ ಮೇಲೆ ಇಳಿಬಿಡಿ.

ಹಳೆ ಆಸ್ಬೆಸ್ಟಾಸ್ ಶೀಟು ಇರುವವರು ಮಾತ್ರ ಇದ್ಯಾವುದಕ್ಕೂ ಮೇಲೆ ಹತ್ತಬೇಡಿ. ಅದು ಕಾಲಿಟ್ಟ ಕೂಡಲೇ ಮುರಿಯಬಹುದು, ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು. ಅಂಥ ಮಾಡಿಗೆ ರಿಪೇರಿ ಬೇಡ, ಮಳೆಗಾಲಕ್ಕೆ ಮೊದಲೇ ಗೊತ್ತಿರುವವರಿಂದ ಇಳಿಸಿ ಬೇರೆ ಶೀಟು ಹಾಕಿಸಿ.