ಮೂರು ದಿನದ ಮಿಷನ್ ಟ್ರಿಪ್: ಹದಿನಾರನೇ ದಿನ ಏನಾಗ್ತದ?

[ಪರದೆ ಮೇಲೆ: ಶಾಲಿ ಬಸ್, ಕಿಟಕಿಯೊಳಗಿಂದ ಕೈ ಬೀಸೋ ಹುಡುಗರು]

ನಮಸ್ಕಾರ್ರಿ. ಈ ಸಲದ ಪ್ರಶ್ನೆ ಬೀದರಿನ ಒಬ್ಬ ತಾಯಿದು. ಒಂಬತ್ತನೇ ಕ್ಲಾಸಿನ ಮಗಳು ದಸರಾ ರಜೆಯಾಗ ಶಾಲಿಯವರ ಜೊತಿ ಔರಾದ ಕಡಿ ಮಿಷನ್ ಟ್ರಿಪ್‌ಗೆ ಹೋಗಿ ಬಂದಳಂತ. ಹದಿನೈದು ದಿನ ತಾನೇ ಎದ್ದು ಸತ್ಯವೇದ ಓದಿದಳು, ಕರೀದೇ ಬಂದು ಪಾತ್ರಿ ತೊಳೆದಳು. ಹದಿನಾರನೇ ದಿನ ಮತ್ತ ಮೊಬೈಲ್. "ಟ್ರಿಪ್ ಫೇಲ್ ಆಯ್ತೇನ್ರಿ?"

ಇಲ್ಲರಿ ಅಕ್ಕಾ. ಹದಿನೈದು ದಿನ ಅಂದ್ರ ಭಾಳ ಆಯ್ತು. ಆದ್ರ ಪ್ರಶ್ನೆ ಮಾತ್ರ ಖರೇ ಅದ.

ಮಿಷನ್ ಟ್ರಿಪ್ ಅಂದ್ರ ಏನು ಅಂತ ಭಾಳ ಹೇಳಲ್ಲ. ಕ್ರೈಸ್ತ ಶಾಲಿ, ಇಪ್ಪತ್ತು ಇಪ್ಪತ್ತೈದು ಹುಡುಗ ಹುಡುಗಿಯರು, ಮೂರು ದಿನ, ಒಂದು ಹಳ್ಳಿ, ಹಗಲು ಕೆಲಸ, ಸಂಜಿ ಹಾಡು ಪ್ರಾರ್ಥನೆ. ಗೊತ್ತಿದ್ದದ್ದೇ. ಮುಂದ ಹೋಗೋಣ.

[ಪರದೆ ಮೇಲೆ: ಹೊಂಡುರಾಸ್ ನಕ್ಷೆ]

1998ರಾಗ ಮಿಚ್ ಅನ್ನೋ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶಾನ ಹಾಳು ಮಾಡ್ತು. ಉತ್ತರ ಅಮೆರಿಕದ ಚರ್ಚುಗಳಿಂದ ತಂಡ ತಂಡವಾಗಿ ಜನ ಹೋಗಿ ಮನಿ ಕಟ್ಟಿ ಕೊಟ್ರು. ಕರ್ಟ್ ವೆರ್ ಬೇಕ್ ಅನ್ನೋ ಸಮಾಜಶಾಸ್ತ್ರಜ್ಞ ಆಮೇಲೆ ಹಂಗ ಹೋಗಿ ಬಂದ 127 ಮಂದಿನ ಕೇಳಿದ: ನಿಮ್ಮೊಳಗ ಏನು ಬದಲಾಯ್ತು? ಕಾಣಿಕಿ ಕೊಡೋದು ಜಾಸ್ತಿ ಆಗ್ಯಾದ ಅಂತ ಭಾಳ ಮಂದಿ ಹೇಳಿದ್ರು. ಈ ಮನುಷ್ಯ ಅಷ್ಟಕ್ಕ ಬಿಡಲಿಲ್ಲ, ಕಳಿಸಿದ ಸಂಸ್ಥೆಯ ಲೆಕ್ಕದ ಪುಸ್ತಕ ತೆಗೆಸಿ ನೋಡಿದ. ಪುಸ್ತಕದಾಗ ಅವರು ಹೇಳಿದಷ್ಟು ಬದಲಾವಣಿ ಕಾಣಲಿಲ್ಲ. ಸಾಕ್ಷಿ, ಅಂದ್ರ ದೇವರು ನನ್ನೊಳಗ ಏನು ಮಾಡಿದ ಅಂತ ಚರ್ಚಿನಾಗ ಎದ್ದು ನಿಂತು ಹೇಳೋ ಮುಂದ ಮನುಷ್ಯನ ನಾಲಿಗಿ ಸ್ವಲ್ಪ ಉದ್ದ ಆಗ್ತದ, ಚರ್ಚಿಗೆ ಹೋಗೋರಿಗೆಲ್ಲ ಗೊತ್ತಿದ್ದದ್ದೇ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ನಾವು ಹೇಳ್ತೀವಿ. ವೆರ್ ಬೇಕ್ ಕೂಡ ಎಳೀ ಗಿಡದ ಹೋಲಿಕೇನೇ ಕೊಡ್ತಾನ: ಬಗ್ಗಿಸಿದ್ರ ಬಗ್ಗತದ, ಕೈ ಬಿಟ್ರ ಮತ್ತ ನೆಟ್ಟಗ ನಿಲ್ತದ. ಬಗ್ಗಿದ್ದು ಹಂಗೇ ಇರಬೇಕಂದ್ರ ಗೂಟಕ್ಕ ಕಟ್ಟಬೇಕು. ನಿಮ್ಮ ಮಗಳು ಬಗ್ಗಿದ್ದು ಸುಳ್ಳಲ್ಲ ಅಕ್ಕಾ, ಗೂಟ ಯಾರೂ ಹೂಳಿಲ್ಲ.

ಗೂಟದ ಮಾತು ಆಮೇಲೆ. ಮೊದಲು, ಬಗ್ಗೋದು ಯಾವಾಗ? ನನ್ನ ಮಟ್ಟಿಗೆ ಹಾಡಿನಾಗಲ್ಲ, ಪಾದ್ರಿಗಳ ಪ್ರಸಂಗದಾಗ, ಅಂದ್ರ ಉಪದೇಶದಾಗಲ್ಲ. ಊಟದ ತಾಟಿನ ಮುಂದ.

[ಪರದೆ ಮೇಲೆ: ತಾಟು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ]

ಲೂಕನ ಸುವಾರ್ತೆ ಹತ್ತನೇ ಅಧ್ಯಾಯ ತೆಗೀರಿ. ಯೇಸು ಎಪ್ಪತ್ತು ಮಂದಿನ ಇಬ್ಬಿಬ್ಬರಾಗಿ ಊರೂರಿಗೆ ಕಳಸ್ತಾನ. ಹಣದ ಚೀಲ ಬ್ಯಾಡ, ಹಸಿಬಿ ಬ್ಯಾಡ, ಕೆರ ಸುದ್ದಾ ಬ್ಯಾಡ ಅಂತಾನ. ಒಂದೇ ಮನ್ಯಾಗ ಇರ್ರಿ, ಮನಿಯಿಂದ ಮನಿಗೆ ತಿರುಗಬ್ಯಾಡ್ರಿ. ಮತ್ತ ಏಳನೇ ವಚನದಾಗ ಒಮ್ಮೆ, ಎಂಟನೇ ವಚನದಾಗ ಇನ್ನೊಮ್ಮೆ ಹೇಳ್ತಾನ: ಅವರು ಬಡಿಸಿದ್ದು ಉಣ್ರಿ. ರೋಗ ವಾಸಿ ಮಾಡೋದು, ದೇವರ ರಾಜ್ಯದ ಸುದ್ದಿ ಹೇಳೋದು ಅದರ ನಂತರ, ಒಂಬತ್ತನೇ ವಚನದಾಗ ಬರ್ತದ. ಊಟ ಮೊದಲು!

ಯಾಕಂದ್ರ ಉಣ್ಣೋನು ಕೊಡೋನಲ್ಲ, ತಗೊಳ್ಳೋನು. ಬಸ್ಸಿನಾಗ ಬರೋ ಮುಂದ ಹುಡುಗರು "ನಾವು ಕೊಡಾಕ ಬಂದೀವಿ" ಅಂತ ಬಂದಿರ್ತಾರ. ಪೇಟಿ ಹುಡುಗರಿಗೆ ರೊಟ್ಟಿ ಏನು ಹೊಸದಲ್ಲ. ಆದ್ರ ಗುರುತಿಲ್ಲದವರ ಮನ್ಯಾಗ ನೆಲದ ಮ್ಯಾಲೆ ಕೂತು, ಆ ಮನಿ ಅವ್ವ ಬಿಸಿ ರೊಟ್ಟಿ ಒಂದೊಂದೇ ತಂದು ಹಾಕಿ, ಪುಂಡಿ ಪಲ್ಯ ಹುಳಿ ಆಯ್ತೇನೋ ಅಂತ ಮಾರಿ ನೋಡ್ಕೋತ ನಿಂತಾಗ ಉಣ್ಣೋದದಲ್ಲ, ಅದು ಹೊಸದು. ಯಾರ ಮನಿ ನೀರು ಕುಡೀಬೇಕು, ಯಾರ ಮನಿ ಕುಡೀಬಾರದು ಅನ್ನೋ ಲೆಕ್ಕ ಇನ್ನೂ ಹೋಗದ ನಾಡಿದು. ಬಸವಕಲ್ಯಾಣ ಇದೇ ಜಿಲ್ಲೆಯಾಗ ಇದ್ರೂನೂ. ಆ ಲೆಕ್ಕ ಮುರಿದು ಉಂಡ ಒಂದು ಊಟ ಹದಿನಾಲ್ಕು ವರ್ಷದ ಹುಡುಗನಿಗೆ ಹತ್ತು ಪ್ರಸಂಗಕ್ಕಿಂತ ಹೆಚ್ಚು ಕಲಸ್ತದ.

ಅದಕ್ಕ ಸಾಮೂಹಿಕ ಅಡಗಿ ಬ್ಯಾಡ, ಅಡಗಿ ಭಟ್ಟ ಬ್ಯಾಡ. ಇಪ್ಪತ್ನಾಲ್ಕು ಹುಡುಗರಿದ್ರ ಹನ್ನೆರಡು ಮನಿ, ಮನಿಗೆ ಇಬ್ಬರು, ಮೂರೂ ದಿನ ಅದೇ ಮನಿ. ಮಲಗೋದು ಮಾತ್ರ ಎಲ್ಲರೂ ಒಂದೇ ಕಡಿ, ಶಿಕ್ಷಕರ ಕಣ್ಣ ಮುಂದ. ಜೋಳ, ಬ್ಯಾಳಿ, ಎಣ್ಣಿ ಆ ಊರಿನ ಕಿರಾಣಿ ಅಂಗಡಿಯಾಗೇ ತಗೊಂಡು ಹಿಂದಿನ ದಿನಾನೇ ದೊಡ್ಡವರು ಮನಿಗೆ ಮುಟ್ಟಸ್ರಿ, ಹುಡುಗರ ಕೈಯಾಗ ಕೊಟ್ಟು ಅಲ್ಲ. ಇನ್ನ ಬ್ಯಾಗ್ ತಪಾಸ ಮಾಡ್ರಿ. ಒಬ್ಬನ ಬ್ಯಾಗಿನಾಗ ಚಿಪ್ಸ್ ಪಾಕೀಟು ಸಿಕ್ತು ಅಂದ್ರ ರಾತ್ರಿ ಅರ್ಧ ತಂಡ ಅಲ್ಲೇ ಇರ್ತದ, ಮನ್ಯಾಗ ಮಾಡಿದ ರೊಟ್ಟಿ ಹಂಗೇ ಉಳೀತದ. (ಕೆರ ಹಾಕ್ಕೊಂಡು ಹೋಗ್ರಿ, ಜಾಲಿ ಮುಳ್ಳು ಅದಾವ.)

[ಪರದೆ ಮೇಲೆ: ಸುಣ್ಣ ಉದುರಿದ ಗೋಡಿ]

ಈಗ ಕೆಲಸ. ಎಲ್ಲರಿಗೂ ಗೋಡಿಗೆ ಬಣ್ಣ ಹೊಡೀಬೇಕು, ಫೋಟೋ ಚಂದ ಬರ್ತದ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣಿ ತಗೊಳ್ರಿ. ಬಾಗಿಲು ಕಿಟಕಿ ಬಿಟ್ರ ಸುಮಾರು 700 ಚದರ ಅಡಿ ಗೋಡಿ. ಎರಡು ಸಲ ಬಳಿಯಾಕ ಹತ್ತು ಹನ್ನೆರಡು ಲೀಟರ್ ಎಮಲ್ಶನ್ ಬಣ್ಣ ಸಾಕು. ಆದ್ರ ಹಳೀ ಸುಣ್ಣ ಕೆರೀದೆ ಮ್ಯಾಲೆ ಬಳಿದ್ರ ಬಣ್ಣ ಹಿಡಿಯೋದು ಗೋಡಿನಲ್ಲ, ಸುಣ್ಣದ ಪುಡಿನ. ಮುಂದಿನ ಮಳಿಗಾಲಕ್ಕ ಹಪ್ಪಳದಂಗ ಎದ್ದು ಬರ್ತದ. ಅದಕ್ಕ ಒಂದು ಪೂರ್ತಿ ದಿನ ಬರೇ ಕೆರಿಯೋದು, ಉಜ್ಜೋದು, ಒರಸೋದು, ಪ್ರೈಮರ್ ಬಳಿಯೋದು. ಮೂಗಿಗೆ ಬಟ್ಟಿ, ಕಣ್ಣಿಗೆ ಕನ್ನಡಕ. ಆ ದಿನದ ಫೋಟೋ ಯಾರೂ ಸ್ಟೇಟಸ್ ಹಾಕಲ್ಲ. ಯಾರು ಮಧ್ಯಾಹ್ನದ ತನಕ ಗೊಣಗದೇ ಕೆರೀತಾರ ನೋಡ್ರಿ, ಸೇವಾ ಅಂದ್ರ ಏನು ಅವರಿಗೆ ಹೊಳಿಯಾಕ ಹತ್ಯಾದ.

ಇನ್ನ ಗೋಡಿಗೆ ಬಣ್ಣ ಬೇಕೋ, ಶೌಚಾಲಯದ ಬಾಗಿಲಿಗೆ ಚಿಲಕ ಬೇಕೋ ಹೇಳೋರು ಊರಿನವರು. ಒಂದು ತಿಂಗಳು ಮೊದಲೇ ಇಬ್ಬರು ಶಿಕ್ಷಕರು ಹೋಗಿ ಕೇಳಬೇಕು.

ಟೈಮ್ ಓಡ್ಲಿಕತ್ತದ, ಉಳಿದದ್ದು ಒಂದೇ ಉಸುರಿಗೆ. ಸರ್ಕಾರಿ ಶಾಲಿಯಾಗ ಕೆಲಸ ಮಾಡಿದ್ರ ಅಲ್ಲಿ ಹಾಡು ಪ್ರಾರ್ಥನೆ ಬ್ಯಾಡ, ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ದುಡ್ಡಿನಾಗ ನಡಿಯೋ ಶಾಲಿಯಾಗ ಧಾರ್ಮಿಕ ಬೋಧನೆಗೆ ಅವಕಾಶ ಕೊಡಲ್ಲ. ನಿಮ್ಮ ಶಾಲಿಯ ಮಕ್ಕಳಾಗ ಹಿಂದೂ, ಮುಸ್ಲಿಂ ಮಕ್ಕಳೂ ಇರ್ತಾರ. ಕೆಲಸಕ್ಕ ಒಂದು ಒಪ್ಪಿಗಿ ಪತ್ರ, ಸಂಜಿ ಆರಾಧನಿಗೆ ಬ್ಯಾರೆ ಪತ್ರ, ಎರಡಕ್ಕೂ ತಂದಿ ತಾಯಿ ಸಹಿ. ಸಹಾಯ ಮಾಡಿ ಬದಲಿಗೆ ಪ್ರಾರ್ಥನಿಗೆ ಬಾ ಅನ್ನಬಾರದು. ದಸರಾ ರಜೆ ಅಂದ್ರ ಸೋಯಾ ರಾಶಿ ಟೈಮು, ಹಗಲು ಹನ್ನೊಂದಕ್ಕ ಕಾರ್ಯಕ್ರಮ ಇಟ್ರ ಮುದುಕರು, ಕೂಸುಗಳು ಬಿಟ್ರ ಯಾರೂ ಸಿಗಲ್ಲ. ವಾಂತಿ ಭೇದಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಸಣ್ಣ ಚಮಚ, ಮಟ್ಟಸ.

ಈಗ ಗೂಟ. ವಾಪಸ್ ಬಂದ ವಾರದಾಗ ಒಂದು ಗಂಟಿ ಕೂಡಿಸ್ರಿ. ಲೂಕನಾಗೂ ಅದ, ಎಪ್ಪತ್ತು ಮಂದಿ ಕುಣಕೋತ ಬಂದು "ದೆವ್ವ ಸುದ್ದಾ ನಮ್ಮ ಮಾತು ಕೇಳ್ತಾವ" ಅಂದಾಗ ಯೇಸು ಅವರ ಖುಷಿನ ಬ್ಯಾರೆ ಕಡಿ ತಿರುಗಸ್ತಾನ. ಭಾನುವಾರ ಸಾಕ್ಷಿಗೆ ತಲಾ ಮೂರು ನಿಮಿಷ. "ಬಡವರಾದ್ರೂ ಎಷ್ಟು ಖುಷಿಯಾಗಿದ್ದಾರ" ಅನ್ನೋ ಮಾತು ಬಂದ್! ಬದಲಿಗೆ ಉಂಡ ಮನಿ ಅವ್ವನ ಹೆಸರು, ಆಕೆ ಹೇಳಿದ ಒಂದು ಮಾತು ಹೇಳ್ಲಿ. ಆಮೇಲೆ ಇಬ್ಬಿಬ್ಬರಿಗೆ ವಾರಕ್ಕೊಂದು ಕಾಯಂ ಕೆಲಸ, ತಮ್ಮ ಓಣಿಯಾಗೇ: ಕಣ್ಣು ಮಂಜಾದ ಅಜ್ಜನಿಗೆ ಔಷಧ ತಂದು ಕೊಡೋದು, ಐದನೇ ಕ್ಲಾಸಿನವರಿಗೆ ಭಾಗಾಕಾರ ಕಲಿಸೋದು. ಎರಡನೇ ವಾರ, ಆರನೇ ವಾರ ಮತ್ತ ಕೂಡಸ್ರಿ. ಬಿಟ್ಟವರನ್ನ ಬೈಬ್ಯಾಡ್ರಿ, ಯಾಕ ಬಿಟ್ರಿ ಅಂತ ಕೇಳ್ರಿ. ಭಾಳ ಸಲ ಸೈಕಲ್ ಇರಲಿಲ್ಲ ಅನ್ನೋದೇ ಕಾರಣ ಇರ್ತದ.

ಕೊನಿಗೆ, ತೆಲಂಗಾಣದ ಧಾರೂರು ಜಾತ್ರಿಗೆ ಹೋಗೋದು ಮಿಷನ್ ಟ್ರಿಪ್ ಆಗ್ತದೇನು ಅಂತ ಇನ್ನೊಬ್ಬರು ಕೇಳ್ಯಾರ. ಆಗಲ್ಲರಿ, ಅದು ಯಾತ್ರಾ. 1923ರಿಂದ ನಡಕೋತ ಬಂದ ಮೆಥೋಡಿಸ್ಟ್ ಪಂಗಡದ ಕ್ರೈಸ್ತರ ಜಾತ್ರಿ ಅದು. ಅದಕ್ಕ ಬ್ಯಾರೆ ವಿಡಿಯೋನೇ ಬೇಕು, ನವೆಂಬರಿನಾಗ ಮಾಡ್ತೀವಿ.